ಉಪಯೋಜನೆಯ ಹಣ: ಸದನ ಕೇಳದೆ ಬಿಟ್ಟ ಪ್ರಶ್ನೆಗಳು

ರಾಜ್ಯ ವಿಧಾನಮಂಡಲದ ಕಲಾಪವನ್ನು ಗಮನಿಸುತ್ತಾ ಬಂದವರಿಗೆ 2023ರಿಂದೀಚೆಗೆ ಒಂದು ದೃಶ್ಯ ಚಿರಪರಿಚಿತವಾಗಿದೆ. ಪರಿಶಿಷ್ಟ ಜಾತಿ ಮತ್ತು ಪರಿಶಿಷ್ಟ ಪಂಗಡಗಳಿಗೆ ಮೀಸಲಾದ ಹಣವನ್ನು ಗ್ಯಾರಂಟಿ ಯೋಜನೆಗಳಿಗೆ ತಿರುಗಿಸಲಾಗಿದೆ ಎಂದು ಪ್ರತಿಪಕ್ಷ ಆರೋಪಿಸುತ್ತದೆ. ಒಂದು ರೂಪಾಯಿಯೂ ಬೇರೆಯವರಿಗೆ ಹೋಗಿಲ್ಲ, ಎಲ್ಲವೂ ಪರಿಶಿಷ್ಟ ಫಲಾನುಭವಿಗಳಿಗೇ ತಲುಪಿದೆ ಎಂದು ಆಡಳಿತ ಪಕ್ಷ ಉತ್ತರಿಸುತ್ತದೆ. ಘೋಷಣೆ, ಪ್ರತಿಘೋಷಣೆ, ಸಭಾತ್ಯಾಗ. ಮರುದಿನ ಅನುದಾನದ ಬೇಡಿಕೆಗಳು ಧ್ವನಿಮತದಿಂದ ಅಂಗೀಕಾರವಾಗುತ್ತವೆ.

ಈ ಗದ್ದಲದಲ್ಲಿ ಎರಡೂ ಕಡೆಯವರು ಮೊತ್ತದ ಬಗ್ಗೆ ಮಾತನಾಡುತ್ತಾರೆ. ಆ ಮೊತ್ತವನ್ನು ಯಾವ ಕಾಯ್ದೆಯ ಯಾವ ಕಲಮಿನ ಅಡಿಯಲ್ಲಿ, ಯಾವ ಲೆಕ್ಕದ ಆಧಾರದ ಮೇಲೆ ಖರ್ಚು ಹಾಕಲಾಗಿದೆ ಎಂಬ ಪ್ರಶ್ನೆ ಮಾತ್ರ ಬದಿಗೆ ಸರಿಯುತ್ತದೆ. ವಿವಾದದ ತಿರುಳು ಇರುವುದು ಅಲ್ಲಿಯೇ.

ಕಾಯ್ದೆ ಹುಟ್ಟಿದ ಬಗೆ

ದೇಶದ ಅಭಿವೃದ್ಧಿ ವೆಚ್ಚದಲ್ಲಿ ಪರಿಶಿಷ್ಟರಿಗೆ ಜನಸಂಖ್ಯೆಗೆ ಅನುಗುಣವಾದ ಪಾಲು ಸಿಗಬೇಕೆಂಬ ಚಿಂತನೆ ಹೊಸದಲ್ಲ. ಐದನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ, 1974–75ರಲ್ಲಿ, ಗಿರಿಜನ ಉಪಯೋಜನೆ ಆರಂಭವಾಯಿತು. ಪರಿಶಿಷ್ಟ ಜಾತಿಗಳಿಗಾಗಿ 1979–80ರಲ್ಲಿ ವಿಶೇಷ ಘಟಕ ಯೋಜನೆ ಬಂತು. ಆದರೆ ಇವೆರಡೂ ಆಡಳಿತಾತ್ಮಕ ಸೂಚನೆಗಳ ಬಲದ ಮೇಲೆ ನಿಂತಿದ್ದವೇ ಹೊರತು ಅವುಗಳಿಗೆ ಕಾನೂನಿನ ಬೆಂಬಲ ಇರಲಿಲ್ಲ. ಹಣ ಕಾಗದದ ಮೇಲೆ ಹಂಚಿಕೆಯಾಗುತ್ತಿತ್ತು. ವರ್ಷದ ಕೊನೆಗೆ ಬಳಕೆಯಾಗದೆ ಉಳಿಯುತ್ತಿತ್ತು ಅಥವಾ ಬೇರೆ ಕೆಲಸಕ್ಕೆ ಹೋಗುತ್ತಿತ್ತು.

ಇದರ ಅತ್ಯಂತ ಕುಖ್ಯಾತ ಉದಾಹರಣೆ 2010ರ ದೆಹಲಿ ಕಾಮನ್‌ವೆಲ್ತ್ ಕ್ರೀಡಾಕೂಟ. ಪರಿಶಿಷ್ಟ ಜಾತಿಗಳ ಕಲ್ಯಾಣಕ್ಕೆ ಮೀಸಲಿಟ್ಟಿದ್ದ ನೂರಾರು ಕೋಟಿ ರೂಪಾಯಿಯನ್ನು ದೆಹಲಿ ಸರ್ಕಾರ ಕ್ರೀಡಾಕೂಟದ ಸಿದ್ಧತೆಗೆ ಬಳಸಿದ್ದು ಬೆಳಕಿಗೆ ಬಂದಾಗ, ಆಗಿನ ಕೇಂದ್ರ ಗೃಹ ಸಚಿವ ಪಿ. ಚಿದಂಬರಂ ಅದು ತಪ್ಪೆಂದು ರಾಜ್ಯಸಭೆಯಲ್ಲಿ ಒಪ್ಪಿಕೊಳ್ಳಬೇಕಾಯಿತು. ಸೂಚನೆ ಸಾಲದು, ಕಾಯ್ದೆಯೇ ಬೇಕು ಎಂಬ ದಲಿತ ಸಂಘಟನೆಗಳ ಬೇಡಿಕೆಗೆ ಇದು ಬಲ ತುಂಬಿತು. ಅವಿಭಜಿತ ಆಂಧ್ರಪ್ರದೇಶ ಇಂತಹ ಕಾಯ್ದೆಯನ್ನು ಮೊದಲು ಜಾರಿಗೆ ತಂದಿತು. ಅದರ ಬೆನ್ನಲ್ಲೇ, 2013ರಲ್ಲಿ, ಸಿದ್ದರಾಮಯ್ಯ ಮುಖ್ಯಮಂತ್ರಿಯಾಗಿದ್ದಾಗ ಕರ್ನಾಟಕವೂ ಪರಿಶಿಷ್ಟ ಜಾತಿ ಉಪಯೋಜನೆ ಮತ್ತು ಗಿರಿಜನ ಉಪಯೋಜನೆ ಕಾಯ್ದೆಯನ್ನು ರೂಪಿಸಿತು. ಸಂಸತ್ತು ಮಾಡದ ಕೆಲಸವನ್ನು ರಾಜ್ಯದ ಶಾಸನಸಭೆ ಮಾಡಿತ್ತು ಎಂಬುದನ್ನು ಮರೆಯುವಂತಿಲ್ಲ.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಪರಿಶಿಷ್ಟ ಜಾತಿಗಳ ಪ್ರಮಾಣ ಶೇ 17.15, ಪರಿಶಿಷ್ಟ ಪಂಗಡಗಳ ಪ್ರಮಾಣ ಶೇ 6.95. ಒಟ್ಟು ಶೇ 24.1. ಅಭಿವೃದ್ಧಿ ವೆಚ್ಚದಲ್ಲಿ ಇಷ್ಟು ಪಾಲು ಈ ಸಮುದಾಯಗಳಿಗೆ ಮೀಸಲಿರಬೇಕು ಎಂಬುದು ಕಾಯ್ದೆಯ ಆಶಯ. ಸರ್ಕಾರದ ಔದಾರ್ಯವಾಗಿದ್ದದ್ದು ಹೀಗೆ ಪ್ರಜೆಯ ಹಕ್ಕಾಯಿತು.

ಎರಡು ಕಲಮುಗಳ ಕಥೆ

ಹಕ್ಕನ್ನು ಕೊಟ್ಟ ಕಾಯ್ದೆಯೇ ಅದನ್ನು ಸಡಿಲಗೊಳಿಸುವ ದಾರಿಗಳನ್ನೂ ಇಟ್ಟುಕೊಂಡಿತ್ತು. ಯಾವ ವೆಚ್ಚವನ್ನು ಉಪಯೋಜನೆಯ ಲೆಕ್ಕಕ್ಕೆ ಹಾಕಬಹುದು ಎಂಬುದನ್ನು 7ನೇ ಕಲಮು ಹೇಳುತ್ತದೆ. ಪರಿಶಿಷ್ಟ ವ್ಯಕ್ತಿಗಳಿಗೆ ಅಥವಾ ಕುಟುಂಬಗಳಿಗೆ ಮಾತ್ರ ಅನುಕೂಲವಾಗುವ ಯೋಜನೆಯಾದರೆ ಪೂರ್ಣ ವೆಚ್ಚವನ್ನು ಹಾಕಬಹುದು. ಇತರರ ಜೊತೆಗೆ ಪರಿಶಿಷ್ಟರಿಗೂ ಪ್ರಯೋಜನವಾಗುವ ಸಾಮಾನ್ಯ ಯೋಜನೆಯಾದರೆ, ಪರಿಶಿಷ್ಟ ಫಲಾನುಭವಿಗಳ ಪ್ರಮಾಣಕ್ಕೆ ತಕ್ಕಷ್ಟನ್ನು ಹಾಕಬಹುದು. ಇದು 7 (ಸಿ). ರಸ್ತೆ, ನೀರಾವರಿಯಂತಹ ವಿಭಜಿಸಲಾಗದ ಕಾಮಗಾರಿಯಾದರೆ, ವೆಚ್ಚದ ಒಂದು ಭಾಗ ಪರಿಶಿಷ್ಟರಿಗಾಗಿಯೇ ಆಯಿತೆಂದು ಭಾವಿಸಬಹುದಾಗಿತ್ತು. ಇದು 7 (ಡಿ).

ಈ ‘ಭಾವಿಸಬಹುದು’ ಎಂಬ ಪದದ ಮೇಲೆ ಸವಾರಿ ಮಾಡಿಕೊಂಡೇ ಸಾವಿರಾರು ಕೋಟಿ ರೂಪಾಯಿ ಬೇರೆ ಕಾಮಗಾರಿಗಳಿಗೆ ಹರಿಯಿತು. 2018ರವರೆಗೆ ಕಾಂಗ್ರೆಸ್, ನಂತರ ಮೈತ್ರಿಕೂಟ, 2019ರಿಂದ 2023ರವರೆಗೆ ಬಿಜೆಪಿ ರಾಜ್ಯವನ್ನು ಆಳಿದವು. 7 (ಡಿ) ಈ ಎಲ್ಲ ಸರ್ಕಾರಗಳ ಕಾಲದಲ್ಲೂ ಸುರಕ್ಷಿತವಾಗಿಯೇ ಇತ್ತು. ಆದ್ದರಿಂದ ಈ ವಿಷಯದಲ್ಲಿ ಯಾವ ಪಕ್ಷಕ್ಕೂ ಇನ್ನೊಂದಕ್ಕೆ ನೀತಿ ಬೋಧಿಸುವ ಅಧಿಕಾರ ಸುಲಭವಾಗಿ ದಕ್ಕುವುದಿಲ್ಲ. ದಲಿತ ಸಂಘಟನೆಗಳ ದೀರ್ಘ ಕಾಲದ ಒತ್ತಾಯದ ನಂತರ 2023ರಲ್ಲಿ ಈ ಕಲಮನ್ನು ರದ್ದುಪಡಿಸಲಾಯಿತು. ಆ ಶ್ರೇಯಸ್ಸು ಸಿದ್ದರಾಮಯ್ಯ ಸರ್ಕಾರಕ್ಕೆ ಸಲ್ಲಬೇಕು.

ಆದರೆ ಒಂದು ಬಾಗಿಲು ಮುಚ್ಚಿದ ವರ್ಷವೇ ಪಕ್ಕದ ಬಾಗಿಲು ಅಗಲವಾಗಿ ತೆರೆದುಕೊಂಡಿತು. ಐದು ಗ್ಯಾರಂಟಿ ಯೋಜನೆಗಳಿಗೆ ಬೇಕಾದ ಹಣದ ಒಂದು ಭಾಗವನ್ನು 7 (ಸಿ) ಅಡಿಯಲ್ಲಿ ಉಪಯೋಜನೆಯಿಂದಲೇ ಭರಿಸುವ ತೀರ್ಮಾನವಾಯಿತು. 2023–24ರಲ್ಲಿ ಉಪಯೋಜನೆಗಳ ಒಟ್ಟು ಗಾತ್ರ 34,294 ಕೋಟಿ ರೂಪಾಯಿ; ಅದರಲ್ಲಿ ಗ್ಯಾರಂಟಿಗಳಿಗೆ ಹೋದದ್ದು 11,144 ಕೋಟಿ. 2024–25ರಲ್ಲಿ 39,121 ಕೋಟಿಯಲ್ಲಿ ಗ್ಯಾರಂಟಿಗಳ ಪಾಲು 14,282 ಕೋಟಿ. ಅಂದರೆ ಮೊದಲ ವರ್ಷ ಶೇ 32.5, ಎರಡನೇ ವರ್ಷ ಶೇ 36.5. 2025–26ರಲ್ಲಿ ಉಪಯೋಜನೆಗಳ ಗಾತ್ರ 42,018 ಕೋಟಿಗೆ ಏರಿತು. ಗ್ಯಾರಂಟಿಗಳಿಗೆ ಮತ್ತೆ 11 ಸಾವಿರ ಕೋಟಿಗೂ ಹೆಚ್ಚು ಮೊತ್ತ ಗೊತ್ತುಪಡಿಸಲಾಯಿತು.

ಎರಡು ವಾದಗಳ ತೂಕ

ಸರ್ಕಾರದ ವಾದವನ್ನು ಸುಲಭವಾಗಿ ತಳ್ಳಿಹಾಕುವಂತಿಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ರೂಪಾಯಿ ದಲಿತ ಕೇರಿಯ ಮಹಿಳೆಯ ಖಾತೆಗೂ ಬೀಳುತ್ತದೆ. ಅನ್ನಭಾಗ್ಯದ ಅಕ್ಕಿ ಆಕೆಯ ಮನೆಯ ಒಲೆಯ ಮೇಲೂ ಬೇಯುತ್ತದೆ. ಬಡವರಲ್ಲಿ ಪರಿಶಿಷ್ಟರ ಪ್ರಮಾಣ ಅಧಿಕವಾಗಿರುವುದರಿಂದ ಈ ಯೋಜನೆಗಳ ಲಾಭವೂ ಅವರಿಗೆ ಹೆಚ್ಚಾಗಿಯೇ ದೊರೆತಿರಬಹುದು. ಇದನ್ನು ‘ಯಾರದೋ ದುಡ್ಡು ಎಲ್ಲಮ್ಮನ ಜಾತ್ರೆ’ ಎಂದು ಲೇವಡಿ ಮಾಡುವುದು ಆ ಮಹಿಳೆಗೆ ಮಾಡುವ ಅವಮಾನ.

ಪ್ರತಿಪಕ್ಷದ ಪ್ರಶ್ನೆಯಲ್ಲೂ ಹುರುಳಿದೆ. ಗ್ಯಾರಂಟಿಗಳು ಜಾತಿ ಭೇದವಿಲ್ಲದೆ ಅರ್ಹರೆಲ್ಲರಿಗೂ ಸಿಗುವ ಸೌಲಭ್ಯ. ಉಳಿದವರಿಗೆ ಈ ಹಣ ಸಾಮಾನ್ಯ ಬೊಕ್ಕಸದಿಂದ ಬರುತ್ತದೆ. ಪರಿಶಿಷ್ಟರಿಗೆ ಮಾತ್ರ ಅವರದೇ ಮೀಸಲು ನಿಧಿಯಿಂದ ಏಕೆ ಬರಬೇಕು? ಮನೆಯ ಎಲ್ಲ ಮಕ್ಕಳಿಗೂ ಊಟ ಬಡಿಸಿ, ಒಬ್ಬನ ಊಟದ ಖರ್ಚನ್ನು ಮಾತ್ರ ಅವನ ಶಾಲೆಯ ಶುಲ್ಕಕ್ಕೆಂದು ತೆಗೆದಿಟ್ಟ ಹಣದಲ್ಲಿ ಮುರಿದುಕೊಂಡಂತೆ ಇದು. ಲೆಕ್ಕದ ಪುಸ್ತಕದಲ್ಲಿ ತಪ್ಪು ಕಾಣುವುದಿಲ್ಲ. ಆದರೆ ವರ್ಷದ ಕೊನೆಗೆ ಶುಲ್ಕ ಕಟ್ಟಲು ಹಣವಿರುವುದಿಲ್ಲ.

ಉಪಯೋಜನೆಯ ಮೂಲ ಉದ್ದೇಶ ಅಂತರವನ್ನು ತುಂಬುವುದು. ಎಲ್ಲರಿಗೂ ಸಿಗುವುದರ ಜೊತೆಗೆ, ಶತಮಾನಗಳ ವಂಚನೆಗೆ ಪರಿಹಾರವಾಗಿ, ಹೆಚ್ಚುವರಿಯಾಗಿ ಏನಾದರೂ ಸಿಗಬೇಕು ಎಂಬುದು ಅದರ ತರ್ಕ. ಗಂಗಾ ಕಲ್ಯಾಣದ ಕೊಳವೆಬಾವಿ, ಭೂ ಒಡೆತನ ಯೋಜನೆಯ ತುಂಡು ಜಮೀನು, ವಸತಿ ಶಾಲೆ, ವಿದ್ಯಾರ್ಥಿ ನಿಲಯ, ವಿದ್ಯಾರ್ಥಿವೇತನ – ಇವು ಒಂದು ತಲೆಮಾರಿನ ಬದುಕಿನ ದಿಕ್ಕು ಬದಲಿಸುವ ಆಸ್ತಿಗಳು. ತಿಂಗಳ ಖರ್ಚಿಗೆ ಒದಗುವ ನೆರವು ಅಮೂಲ್ಯವಾದದ್ದೇ. ಆದರೆ ಅದು ಈ ಆಸ್ತಿಗಳ ಜಾಗದಲ್ಲಿ ಬರಬಾರದು, ಅವುಗಳ ಜೊತೆಗೆ ಬರಬೇಕು.

ಅಂಕಿಗಳು ಹೇಳುವುದೇನು?

ಇಲ್ಲಿ ಸರಳ ಲೆಕ್ಕವೊಂದನ್ನು ಮಾಡಿ ನೋಡಬಹುದು. 2024–25ರಲ್ಲಿ ಐದೂ ಗ್ಯಾರಂಟಿಗಳಿಗೆ ಒದಗಿಸಿದ ಒಟ್ಟು ಮೊತ್ತ 52,009 ಕೋಟಿ. ಅದರ ಶೇ 24.1ರಷ್ಟು ಎಂದರೆ ಸುಮಾರು 12,534 ಕೋಟಿ. ಉಪಯೋಜನೆಯಿಂದ ತೆಗೆದದ್ದು 14,282 ಕೋಟಿ, ಅಂದರೆ ಶೇ 27.5ರಷ್ಟು. ಜನಸಂಖ್ಯೆಯ ಪ್ರಮಾಣಕ್ಕಿಂತ ಸುಮಾರು 1,750 ಕೋಟಿ ಹೆಚ್ಚು.

ಇದು ತಪ್ಪೇ ಎಂದು ತಕ್ಷಣ ತೀರ್ಪು ಕೊಡಲಾಗದು. ಕಾಯ್ದೆ ಕೇಳುವುದು ಜನಸಂಖ್ಯೆಯ ಪ್ರಮಾಣವನ್ನಲ್ಲ, ಫಲಾನುಭವಿಗಳ ಪ್ರಮಾಣವನ್ನು. ಫಲಾನುಭವಿಗಳಲ್ಲಿ ಪರಿಶಿಷ್ಟರು ನಿಜಕ್ಕೂ ಶೇ 27.5ರಷ್ಟಿದ್ದರೆ ಲೆಕ್ಕ ಸರಿ. ಆದರೆ ಅದನ್ನು ಎಣಿಸಿದವರು ಯಾರು? ಶಕ್ತಿ ಯೋಜನೆಯನ್ನೇ ತೆಗೆದುಕೊಳ್ಳಿ. ಉಚಿತ ಟಿಕೆಟ್ ಕೊಡುವಾಗ ಬಸ್ಸಿನ ನಿರ್ವಾಹಕರು ಮಹಿಳೆಯ ಜಾತಿ ಕೇಳುವುದಿಲ್ಲ, ಕೇಳಲೂ ಬಾರದು. ಹಾಗಿರುವಾಗ ಆ ಪ್ರಯಾಣದ ವೆಚ್ಚದಲ್ಲಿ ಪರಿಶಿಷ್ಟರ ಪಾಲು ಇಷ್ಟೇ ಎಂದು ಹೇಳುವುದು ಅಂದಾಜಾಗುತ್ತದೆಯೇ ಹೊರತು ಲೆಕ್ಕವಾಗುವುದಿಲ್ಲ. ಭಾವಿಸಿಕೊಳ್ಳುವ ಪದ್ಧತಿಯನ್ನು 7 (ಡಿ) ಜೊತೆಗೇ ಹೂತುಹಾಕಿದ್ದೇವೆ ಎನ್ನುವ ಸರ್ಕಾರ, ಅದನ್ನು 7 (ಸಿ) ರೂಪದಲ್ಲಿ ಮತ್ತೆ ಒಳಗೆ ಬಿಟ್ಟುಕೊಂಡಂತಾಗಲಿಲ್ಲವೇ?

ಇನ್ನೊಂದು ಪ್ರಶ್ನೆಯಿದೆ. ಶೇ 24.1 ಎಂದರೆ ಯಾವುದರ ಶೇ 24.1? 2024–25ರ ರಾಜ್ಯ ಬಜೆಟ್‌ನ ಗಾತ್ರ 3.71 ಲಕ್ಷ ಕೋಟಿ. ಉಪಯೋಜನೆಗಳ 39,121 ಕೋಟಿ ಅದರ ಶೇ 10.5 ಮಾತ್ರ. ಸಂಬಳ, ಪಿಂಚಣಿ, ಬಡ್ಡಿಯಂತಹ ಬದ್ಧ ವೆಚ್ಚಗಳನ್ನು ಹಂಚಲು ಬರುವುದಿಲ್ಲ ಎಂಬುದು ಒಪ್ಪತಕ್ಕ ಮಾತೇ. ಆದರೆ 39,121 ಕೋಟಿಯನ್ನು ಶೇ 24.1 ಎಂದು ಹಿಡಿದರೆ ಮೂಲ ಮೊತ್ತ ಸುಮಾರು 1.62 ಲಕ್ಷ ಕೋಟಿ ಆಗುತ್ತದೆ. ಉಳಿದ ಎರಡು ಲಕ್ಷ ಕೋಟಿಗೂ ಮಿಕ್ಕಿದ ಮೊತ್ತದಲ್ಲಿ ಯಾವ ಬಾಬ್ತುಗಳನ್ನು, ಯಾವ ಕಾರಣಕ್ಕೆ ಹೊರಗಿಡಲಾಯಿತು? 2017–18ರಿಂದ ಯೋಜನಾ ವೆಚ್ಚ ಮತ್ತು ಯೋಜನೇತರ ವೆಚ್ಚ ಎಂಬ ಭೇದವೇ ಅಳಿಸಿಹೋಗಿರುವುದರಿಂದ ಈ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದು ಬಹುಮಟ್ಟಿಗೆ ಹಣಕಾಸು ಇಲಾಖೆಯ ವಿವೇಚನೆಗೆ ಬಿಟ್ಟ ಸಂಗತಿಯಾಗಿದೆ. ಸದನದಲ್ಲಿ ಗಂಟೆಗಟ್ಟಲೆ ಚರ್ಚೆಯಾಗಬೇಕಾದ ವಿಷಯವಿದು.

ನಿಗಮಗಳ ಬಾಗಿಲಲ್ಲಿ

ಹಣ ಹಂಚಿಕೆಯಾದರೆ ಸಾಲದು, ಅದನ್ನು ತಲುಪಿಸುವ ಸಂಸ್ಥೆ ಪ್ರಾಮಾಣಿಕವಾಗಿರಬೇಕು ಎಂಬ ಪಾಠವನ್ನು ಮಹರ್ಷಿ ವಾಲ್ಮೀಕಿ ಪರಿಶಿಷ್ಟ ಪಂಗಡಗಳ ಅಭಿವೃದ್ಧಿ ನಿಗಮದ ಹಗರಣ ಕಲಿಸಿತು. 2024ರ ಮೇ ತಿಂಗಳಲ್ಲಿ ನಿಗಮದ ಅಧಿಕಾರಿಯೊಬ್ಬರ ಆತ್ಮಹತ್ಯೆಯಿಂದ ಬಯಲಾದ ಈ ಪ್ರಕರಣದಲ್ಲಿ ನಿಗಮದ ಖಾತೆಯಿಂದ ಕೋಟ್ಯಂತರ ರೂಪಾಯಿ ಅಕ್ರಮವಾಗಿ ವರ್ಗಾವಣೆಯಾದದ್ದು ಹೊರಬಿತ್ತು. ಸಂಬಂಧಪಟ್ಟ ಸಚಿವರು ಜೂನ್‌ನಲ್ಲಿ ರಾಜೀನಾಮೆ ನೀಡಿದರು. ಜುಲೈ ಅಧಿವೇಶನದ ಬಹುಪಾಲು ಸಮಯವನ್ನು ಇದೇ ವಿಷಯ ನುಂಗಿತು. ಆದರೆ ಅಲ್ಲಿಯೂ ವಾಗ್ವಾದ ಹೆಚ್ಚಾಗಿ ನಡೆದದ್ದು ವಂಚನೆಯಾದ ಮೊತ್ತ 187 ಕೋಟಿಯೋ ಸುಮಾರು 89 ಕೋಟಿಯೋ ಎಂಬುದರ ಮೇಲೆ. ಸಾಲಕ್ಕಾಗಿ, ಕೊಳವೆಬಾವಿಗಾಗಿ ನಿಗಮಗಳ ಬಾಗಿಲಲ್ಲಿ ಅರ್ಜಿ ಹಿಡಿದು ನಿಲ್ಲುವವರಿಗೆ ಈ ಮೊತ್ತಗಳ ಜಗಳದಿಂದ ಏನು ಸಿಕ್ಕಿತು?

ಸದನ ಮಾಡಬಹುದಾದದ್ದು

ಸಂವಿಧಾನದ 203ನೇ ವಿಧಿಯ ಪ್ರಕಾರ ಅನುದಾನದ ಬೇಡಿಕೆಗಳಿಗೆ ಒಪ್ಪಿಗೆ ಕೊಡುವ, ನಿರಾಕರಿಸುವ ಅಥವಾ ಮೊತ್ತವನ್ನು ಕಡಿಮೆ ಮಾಡುವ ಅಧಿಕಾರ ವಿಧಾನಸಭೆಗೆ ಇದೆ. ಈ ಅಧಿಕಾರ ಘೋಷಣೆ ಕೂಗುವುದರಿಂದ ಚಲಾವಣೆಯಾಗುವುದಿಲ್ಲ. ಬೇಡಿಕೆಗಳನ್ನು ಓದಿ, ಪ್ರಶ್ನಿಸಿ, ಉತ್ತರ ಪಡೆಯುವುದರಿಂದ ಆಗುತ್ತದೆ. ಗದ್ದಲದ ನಡುವೆ ಬೇಡಿಕೆಗಳು ಅಂಗೀಕಾರವಾದಾಗ ಗೆಲ್ಲುವುದು ಅಧಿಕಾರಶಾಹಿ ಮಾತ್ರ.

ಸದನದ ಮುಂದೆ ನಾಲ್ಕು ಸ್ಪಷ್ಟ ಕೆಲಸಗಳಿವೆ. ಮೊದಲನೆಯದು, ಪ್ರತಿ ಗ್ಯಾರಂಟಿಯ ಪರಿಶಿಷ್ಟ ಫಲಾನುಭವಿಗಳ ಸಂಖ್ಯೆಯನ್ನು, ಅದನ್ನು ಲೆಕ್ಕ ಹಾಕಿದ ವಿಧಾನದೊಂದಿಗೆ ಮಂಡಿಸುವಂತೆ ಸರ್ಕಾರವನ್ನು ಕೇಳುವುದು. ಎರಡನೆಯದು, ಸಾರ್ವತ್ರಿಕ ಸ್ವರೂಪದ ಯೋಜನೆಗಳಿಗೆ ಉಪಯೋಜನೆಯಿಂದ ಕೊಡಬಹುದಾದ ಮೊತ್ತಕ್ಕೆ 7 (ಸಿ) ತಿದ್ದುಪಡಿಯ ಮೂಲಕ ಒಂದು ಮಿತಿ ವಿಧಿಸುವುದು. ಮೂರನೆಯದು, ಶೇ 24.1ರ ಮೂಲ ಮೊತ್ತ ಯಾವುದು ಎಂಬುದನ್ನು ಕಾಯ್ದೆಯಲ್ಲಿಯೇ ಬರೆಯುವುದು. ನಾಲ್ಕನೆಯದು, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕಲ್ಯಾಣಕ್ಕಾಗಿ ಇರುವ ಶಾಸಕಾಂಗ ಸಮಿತಿಗೆ ಬಜೆಟ್ ಅಂಗೀಕಾರಕ್ಕೆ ಮೊದಲೇ ಉಪಯೋಜನೆಯ ಹಂಚಿಕೆಯನ್ನು ಪರಿಶೀಲಿಸುವ ಅವಕಾಶ ಕೊಡುವುದು. ಇವುಗಳಲ್ಲಿ ಯಾವುದಕ್ಕೂ ಹೊಸ ಹಣ ಬೇಕಿಲ್ಲ.

2027ರ ಜನಗಣತಿಯ ಅಂಕಿಗಳು ಬಂದಾಗ ಶೇ 24.1 ಎಂಬ ಸಂಖ್ಯೆ ಬದಲಾಗಲೇಬೇಕಾಗುತ್ತದೆ. ಪಾಲು ಎಷ್ಟೆಂಬ ಚರ್ಚೆ ಆಗ ಹೊಸದಾಗಿ ಆರಂಭವಾಗುತ್ತದೆ. ಪಾಲನ್ನು ಹೇಗೆ ಕಾಪಾಡಬೇಕು ಎಂಬುದು ಅದಕ್ಕೂ ಮೊದಲು ತೀರ್ಮಾನವಾಗದಿದ್ದರೆ ಹೆಚ್ಚಿದ ಪಾಲೂ ಇದೇ ದಾರಿ ಹಿಡಿಯುತ್ತದೆ. ಕಾಯ್ದೆಯನ್ನು ರೂಪಿಸಿ ದೇಶಕ್ಕೆ ಮಾದರಿಯಾದ ಶಾಸನಸಭೆಯೇ ಅದರ ಕಾವಲಿಗೂ ನಿಲ್ಲಬೇಕು. ಆ ಹೊಣೆ ಆಡಳಿತ ಪಕ್ಷದ್ದಷ್ಟೇ ಅಲ್ಲ, ಪ್ರತಿಪಕ್ಷದ್ದೂ ಹೌದು.