ಆರೋಗ್ಯ ಭಾಗ್ಯ: ಉಪವಾಸದ ದಿನ ಒಳಗಿನ ಗುಮಾಸ್ತ



ಶ್ರಾವಣ ಬಂತೆಂದರೆ ಆದೋನಿ ಸೀಮೆಯ ಉರುಕುಂದಕ್ಕೆ ಈರಣ್ಣಸ್ವಾಮಿಯ ದರ್ಶನಕ್ಕೆಂದು ಆಂಧ್ರ, ಕರ್ನಾಟಕ ಎರಡೂ ಕಡೆಯ ಜನ ತಂಡೋಪತಂಡವಾಗಿ ಬರುತ್ತಾರೆ. ಅಲ್ಲಿ ಅಂಗಡಿ ಇಟ್ಟವರಿಗೆ ಊಟಕ್ಕೂ ಬಿಡುವಿಲ್ಲದ ದಿನಗಳವು. ನಮ್ಮವರಿಗೆ ಅದೇ ಚಾತುರ್ಮಾಸದ ಕಾಲವೂ ಹೌದು. ತಕ್ಕಡಿಯನ್ನೂ ಬಿಡುವಂತಿಲ್ಲ, ವ್ರತವನ್ನೂ ಬಿಡುವಂತಿಲ್ಲ.

ಕಳೆದ ಶ್ರಾವಣದಲ್ಲಿ ನಮ್ಮ ಪರಿಚಯದ ಹಿರಿಯ ಕಿರಾಣಿ ವ್ಯಾಪಾರಿಯೊಬ್ಬರು ಚತುರ್ದಶಿಯ ಉಪವಾಸ ಕೈಗೊಂಡರು. ಅವರಿಗೆ ರಕ್ತದೊತ್ತಡವೂ ಇದೆ, ಸಕ್ಕರೆ ಕಾಯಿಲೆಯೂ ಇದೆ. "ಅಪ್ಪಾಜಿ, ಡಾಕ್ಟರಿಗೆ ಒಂದು ಮಾತು ಕೇಳೋಣ್ರಿ" ಎಂದು ಮಗ ಹೇಳಿದ. "ನಲವತ್ತು ವರ್ಷದಿಂದ ಮಾಡ್ಕೊಂಡು ಬಂದೀನಿ, ಡಾಕ್ಟರಿಗೇನು ಕೇಳೋದೈತೋ?" ಎಂದು ಇವರು ಸುಮ್ಮನಾಗಿಸಿದರು. ಹಿಂದಿನ ಸಂಜೆ ಸೂರ್ಯಾಸ್ತಕ್ಕೆ ಮುಂಚೆ, ನಾಳೆಗೂ ಆಗಲೆಂದು, ಎರಡೂ ಬಗೆಯ ಮಾತ್ರೆ ನುಂಗಿ ಪಚ್ಚಕ್ಖಾಣ ತೆಗೆದುಕೊಂಡರು. ಮರುದಿನ ಮಧ್ಯಾಹ್ನ ಗಾದಿಯಿಂದ ಎದ್ದವರು ಎರಡು ಹೆಜ್ಜೆ ಇಡುವಷ್ಟರಲ್ಲಿ ಕಣ್ಣು ಕತ್ತಲಿಟ್ಟು ಬಿದ್ದರು. ಮೈಯೆಲ್ಲ ಬೆವರು. ಆದೋನಿಗೆ ಕರೆದೊಯ್ದಾಗ ರಕ್ತದಲ್ಲಿ ಸಕ್ಕರೆಯೂ ಇಳಿದಿತ್ತು, ಒತ್ತಡವೂ ಇಳಿದಿತ್ತು. ಜೀವಕ್ಕೆ ಅಪಾಯವಾಗಲಿಲ್ಲ. ಆದರೆ ಅವರ ಮನಸ್ಸು ನೊಂದಿತ್ತು. "ನನ್ನ ಶ್ರದ್ಧೆಯಲ್ಲೇ ಏನಾದರೂ ಲೋಪ ಇತ್ತೇ?" ಎಂದು ಅವರು ನಮ್ಮನ್ನು ಕೇಳಿದರು. ಈ ತಿಂಗಳ ಬರಹ ಆ ಪ್ರಶ್ನೆಗೆ ಉತ್ತರ.

ನಮ್ಮ ಮನಸ್ಸಿನ ಅಪ್ಪಣೆಗೆ ಕಾಯದೆ ಹಗಲಿರುಳು ಕೆಲಸ ಮಾಡುವ ನರಮಂಡಲವೊಂದು ದೇಹದಲ್ಲಿದೆ. ಅದನ್ನು ಸ್ವಯಂಚಾಲಿತ ನರಮಂಡಲ ಎನ್ನುತ್ತಾರೆ. ಅಂಗಡಿಯ ನಂಬಿಗಸ್ತ ಗುಮಾಸ್ತನಂತೆ ಅದು. ಯಜಮಾನ ನಿದ್ದೆ ಹೋದರೂ ಜಮಾ-ಖರ್ಚು ನಿಲ್ಲುವುದಿಲ್ಲ. ಅದರಲ್ಲಿ ಎರಡು ಶಾಖೆಗಳು. ಸಿಂಪಥೆಟಿಕ್ ಶಾಖೆ ಓಡಾಟದ, ಆತಂಕದ ಹೊತ್ತಿಗೆ. ಅದು ಎದೆಬಡಿತ ಹೆಚ್ಚಿಸಿ, ರಕ್ತನಾಳಗಳನ್ನು ಬಿಗಿಮಾಡುತ್ತದೆ. ಪ್ಯಾರಾಸಿಂಪಥೆಟಿಕ್ ಶಾಖೆ ವಿಶ್ರಾಂತಿಯ, ಜೀರ್ಣದ ಹೊತ್ತಿಗೆ. ಅದರ ಮುಖ್ಯ ನರವಾದ ವೇಗಸ್ ಎದೆಬಡಿತವನ್ನು ನಿಧಾನಿಸುತ್ತದೆ.

ಕುಳಿತವರು ಎದ್ದು ನಿಂತಾಗ ಸುಮಾರು ಅರ್ಧ ಲೀಟರಿನಷ್ಟು, ಕೆಲವೊಮ್ಮೆ ಇನ್ನೂ ಹೆಚ್ಚು ರಕ್ತ ಕಾಲು, ಹೊಟ್ಟೆಗಳ ಕಡೆ ಇಳಿಯುತ್ತದೆ. ಕತ್ತಿನ ದೊಡ್ಡ ರಕ್ತನಾಳದಲ್ಲಿಯೂ ಹೃದಯದ ಮೇಲಿನ ಮಹಾಧಮನಿಯ ಕಮಾನಿನಲ್ಲಿಯೂ ಒತ್ತಡವನ್ನು ಅಳೆಯುವ ನರತುದಿಗಳಿವೆ. ಒತ್ತಡ ಇಳಿದದ್ದನ್ನು ಅವು ಮೆದುಳಿನ ಬುಡದಲ್ಲಿರುವ ಮೆಡುಲ್ಲಾಕ್ಕೆ ತಿಳಿಸುತ್ತವೆ. ಕೆಲವೇ ಕ್ಷಣಗಳಲ್ಲಿ ಎದೆಬಡಿತ ಏರಿ, ನಾಳಗಳು ಬಿಗಿದು, ತಲೆಗೆ ರಕ್ತ ಸರಿಯಾಗಿ ಹೋಗುತ್ತದೆ. ನಮಗೆ ಇದರ ಸುಳಿವೂ ಹತ್ತುವುದಿಲ್ಲ. ವಯಸ್ಸಾದಂತೆ, ಹಳೆಯ ಸಕ್ಕರೆ ಕಾಯಿಲೆಯಿಂದ ನರಗಳು ಸೊರಗಿದಂತೆ, ಈ ವ್ಯವಸ್ಥೆ ತಡಮಾಡುತ್ತದೆ.

ಸಕ್ಕರೆಯ ಲೆಕ್ಕವೂ ಇದೇ ಗುಮಾಸ್ತನ ಕೈಯಲ್ಲಿ ಬಹುಪಾಲು ಇದೆ. ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ 1849ರಲ್ಲಿ ಮೊಲದ ಮೆದುಳಿನ ಬುಡಕ್ಕೆ ಚುಚ್ಚಿದಾಗ ಅದರ ಮೂತ್ರದಲ್ಲಿ ಸಕ್ಕರೆ ಕಾಣಿಸಿಕೊಂಡಿತು. ಆ ಹಿಂಸೆಯನ್ನು ನಾವು ಮೆಚ್ಚಲಾರೆವು. ಆದರೆ ಯಕೃತ್ತಿನ ಸಕ್ಕರೆಯ ಮೇಲೆ ಮೆದುಳಿಗೆ ಹಿಡಿತವಿದೆಯೆಂದು ಲೋಕಕ್ಕೆ ಗೊತ್ತಾದದ್ದು ಹೀಗೆ. ಹತ್ತಿಯ ದರ ಒಮ್ಮೆಲೇ ಬಿದ್ದ ದಿನ ವ್ಯಾಪಾರಿಯ ಬಿ.ಪಿ. ಮಾತ್ರವಲ್ಲ, ಸಕ್ಕರೆಯೂ ಏರುವುದಕ್ಕೆ ಕಾರಣ ಇದೇ. ಸಿಂಪಥೆಟಿಕ್ ನರಗಳೂ ಅಡ್ರಿನಲಿನ್ ರಸವೂ ಯಕೃತ್ತಿನ ಉಗ್ರಾಣದ ಬಾಗಿಲು ತೆರೆಯುತ್ತವೆ.

ಆರೋಗ್ಯವಂತರು ಉಪವಾಸ ಮಾಡಿದಾಗ ಇನ್ಸುಲಿನ್ ತಾನಾಗಿಯೇ ಇಳಿಯುತ್ತದೆ. ಯಕೃತ್ತಿನಲ್ಲಿ ಕೂಡಿಟ್ಟ ಸುಮಾರು 100 ಗ್ರಾಂ ಗ್ಲೈಕೋಜನ್ ಸುಮಾರು ಒಂದು ದಿನ ಸಾಗಿಸುತ್ತದೆ. ಆಮೇಲೆ ಕೊಬ್ಬು ಕರಗಿ ದೇಹ ನಡೆಯುತ್ತದೆ. ಮೊದಲ ದಿನಗಳಲ್ಲಿ ಮೂತ್ರಪಿಂಡಗಳು ಉಪ್ಪು, ನೀರನ್ನು ಹೆಚ್ಚಾಗಿ ಹೊರಗೆ ಬಿಡುವುದರಿಂದ ರಕ್ತದೊತ್ತಡವೂ ತುಸು ಇಳಿಯುತ್ತದೆ.

ಈಗ ನಮ್ಮ ಹಿರಿಯರ ಲೆಕ್ಕ ನೋಡೋಣ. ಅವರು ನುಂಗಿದ ಸಕ್ಕರೆ ಮಾತ್ರೆ ಹೊಟ್ಟೆ ಖಾಲಿಯಿದ್ದರೂ ಇನ್ಸುಲಿನ್ ಸುರಿಸುವ ಜಾತಿಯದು. ಅದರ ಪ್ರಭಾವ ಮರುದಿನವೂ ಇರುತ್ತದೆ. ಬಿ.ಪಿ. ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸುವಂಥದು. ಉಪವಾಸದಿಂದ ಮೊದಲೇ ಕಡಿಮೆಯಾದ ನೀರು ಇನ್ನಷ್ಟು ಕಡಿಮೆಯಾಯಿತು. ಇನ್ನೊಂದು ಎದೆಬಡಿತ ತಗ್ಗಿಸುವ ಬೀಟಾ ಬ್ಲಾಕರ್. ಸಕ್ಕರೆ ಇಳಿದಾಗ ಅಡ್ರಿನಲಿನ್ ಎದೆಬಡಿತ, ಕೈನಡುಕಗಳ ಮೂಲಕ ಎಚ್ಚರಿಕೆಯ ಗಂಟೆ ಬಾರಿಸುತ್ತದೆ. ಈ ಮಾತ್ರೆ ಆ ಗಂಟೆಯ ಸದ್ದನ್ನೇ ಅಡಗಿಸುತ್ತದೆ. ಉಳಿಯುವುದು ಬೆವರು ಮಾತ್ರ. ಅದನ್ನು ಅವರು ಸೆಕೆಯೆಂದುಕೊಂಡರು.

ಆದ್ದರಿಂದ ಲೋಪ ಶ್ರದ್ಧೆಯಲ್ಲಿ ಇರಲಿಲ್ಲ. ನಲವತ್ತು ವರ್ಷ ಉಪವಾಸ ಮಾಡಿದ ದೇಹ ಬೇರೆ, ಮಾತ್ರೆಗಳ ಮೇಲೆ ನಡೆಯುವ ಇಂದಿನ ದೇಹ ಬೇರೆ. ಹಳೆಯ ಖಾತೆಯ ಬಾಕಿ ನೋಡಿ ಹೊಸ ವ್ಯವಹಾರ ಮಾಡಿದಂತಾಯಿತು.

ಹಾಗೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದೂ ತಪ್ಪು. ಕೆಲವು ಬಿ.ಪಿ. ಮಾತ್ರೆಗಳನ್ನು ಒಮ್ಮೆಲೇ ಬಿಟ್ಟರೆ ತಡೆಹಿಡಿದಿದ್ದ ನರಗಳು ಒಟ್ಟಿಗೇ ಎದ್ದು ಒತ್ತಡ ಹಠಾತ್ತನೆ ಏರುತ್ತದೆ. ಜಾತ್ರೆ, ಸಂತೆಯಲ್ಲಿ ಸಿಗುವ ಬೇರುಗಳ ಮಾತೂ ಅಷ್ಟೇ. ನಮ್ಮ ಸರ್ಪಗಂಧದ ಬೇರು ರಕ್ತದೊತ್ತಡ ಇಳಿಸುತ್ತದೆಂದು ಮುಂಬಯಿಯ ಡಾ. ರುಸ್ತುಂ ಜಾಲ್ ವಕೀಲ್ 1949ರಲ್ಲಿ ಪ್ರಕಟಿಸಿದಾಗ ಪಾಶ್ಚಾತ್ಯ ವೈದ್ಯರೂ ತಿರುಗಿ ನೋಡಿದರು. 1952ರಲ್ಲಿ ಅದರಿಂದ ರಿಸರ್ಪಿನ್ ಎಂಬ ಸತ್ವವನ್ನು ಬೇರ್ಪಡಿಸಿದರು. ಅದು ನರತುದಿಗಳಲ್ಲಿನ ರಾಸಾಯನಿಕ ದಾಸ್ತಾನನ್ನೇ ಬರಿದು ಮಾಡಿ ಒತ್ತಡ ಇಳಿಸುತ್ತದೆ. ಅಂಥ ಬಲವಾದ ವಸ್ತುವನ್ನು ಅಳತೆಯಿಲ್ಲದೆ ತಿನ್ನುವುದು ವಿವೇಕವಲ್ಲ.

ಓದುಗರಲ್ಲಿ ನಮ್ಮ ವಿನಂತಿ ಇಷ್ಟು. ಪರ್ಯೂಷಣ, ದಶಲಕ್ಷಣ, ಆಯಂಬಿಲ್ ಓಳಿ, ಯಾವುದೇ ಇರಲಿ, ಮಾತ್ರೆ ತೆಗೆದುಕೊಳ್ಳುವವರು ಕೆಲವು ದಿನ ಮುಂಚೆಯೇ ವೈದ್ಯರನ್ನು ಕಂಡು ಯಾವುದನ್ನು ಯಾವಾಗ, ಎಷ್ಟು ಎಂದು ಬರೆಸಿಕೊಳ್ಳಬೇಕು. ಉಪ್ಪನ್ನೂ ಬಿಟ್ಟು ಆಯಂಬಿಲ್ ಮಾಡುವವರಿಗೆ ಬಿ.ಪಿ. ಇಳಿಯಬಹುದೆಂಬುದು ನೆನಪಿರಲಿ. ಕುಳಿತಲ್ಲಿಂದ ನಿಧಾನವಾಗಿ ಏಳಬೇಕು. ಸಕ್ಕರೆ ಕಾಯಿಲೆಯವರಿಗೆ ಬೆವರು, ಮಂಕು, ತೊದಲು ಮಾತು ಕಂಡರೆ ಎಚ್ಚರವಿರುವಾಗಲೇ ಸಕ್ಕರೆ ನೀರು ಕುಡಿಸಬೇಕು. ಎಚ್ಚರ ತಪ್ಪಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ವ್ರತಭಂಗದ ಭಯ ಬೇಡ. ಪಚ್ಚಕ್ಖಾಣದಲ್ಲಿ ಆಗಾರಗಳಿವೆ, ಸಮಾಧಿ ಕೆಡಿಸುವ ಕಾಯಿಲೆಯಲ್ಲಿ ಔಷಧಕ್ಕೆ ಅವಕಾಶವಿದೆ. ಮಹಾರಾಜರನ್ನು ಮೊದಲೇ ಕೇಳಿಕೊಳ್ಳಿ. ಹದಿನಾರು ಭಾವನೆಗಳಲ್ಲಿ ಹೇಳಿರುವುದೂ ಶಕ್ತಿಗೆ ತಕ್ಕ ತಪಸ್ಸನ್ನೇ.

ಗುಮಾಸ್ತನಿಗೆ ನೆರವಾಗುವ ಸಾಧನವೊಂದು ನಮ್ಮ ಮನೆಯಲ್ಲೇ ಇದೆ. 48 ನಿಮಿಷದ ಸಾಮಾಯಿಕದಲ್ಲಿ ಕೆಲಹೊತ್ತು ನಿಮಿಷಕ್ಕೆ ಆರರಷ್ಟು ನಿಧಾನವಾಗಿ ಉಸಿರಾಡಿದರೆ ಕತ್ತಿನ ಆ ನರತುದಿಗಳ ಕೆಲಸ ಚುರುಕಾಗುತ್ತದೆ. ಇದು ಮಾತ್ರೆಗೆ ಬದಲಲ್ಲ, ಜೊತೆ.

ನಮ್ಮ ಹಿರಿಯರು ಈಗ ವೈದ್ಯರು ಬರೆದುಕೊಟ್ಟ ಚೀಟಿಯನ್ನು ಗಲ್ಲಾಪೆಟ್ಟಿಗೆಯಲ್ಲಿ ಇಟ್ಟಿದ್ದಾರೆ. ಚತುರ್ದಶಿಗೆ ಏಕಾಶನ ಮಾಡುತ್ತಾರೆ. ಮಾತ್ರೆಯನ್ನು ನೆನಪಿಸುವ ಕೆಲಸ ಮಗನದು.