ಹಗುರ ಯಂತ್ರದ ಧರ್ಮ

ಬೇಸಗೆಯ ರಜೆಗೆಂದು ಹುಣಸೂರಿನ ನಮ್ಮ ಮನೆಗೆ ಬಂದಿರುವ ತಮ್ಮನ ಮಗನು, ಸಂಜೆಯಾಯಿತೆಂದರೆ ಮಹಡಿಯ ಕೋಣೆಯಲ್ಲಿ ಕಂಪ್ಯೂಟರಿನ ಮುಂದೆ ಕುಳಿತು, ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು, ಬೇರೆ ಬೇರೆ ಊರುಗಳಲ್ಲಿರುವ ತನ್ನ ಸ್ನೇಹಿತರೊಡಗೂಡಿ ‘ಮೆಕ್‌ವಾರಿಯರ್ ಆನ್‌ಲೈನ್’ ಎಂಬ ಯಂತ್ರಯುದ್ಧದ ಆಟದಲ್ಲಿ ಮಗ್ನನಾಗುತ್ತಾನೆ. 2013ರಲ್ಲಿ ಬಿಡುಗಡೆಯಾದ ಈ ಆಟದಲ್ಲಿ ಹನ್ನೆರಡು ಮಂದಿಯ ತಂಡಕ್ಕೆ ಹನ್ನೆರಡು ಮಂದಿಯ ತಂಡ ಎದುರು. ಒಬ್ಬೊಬ್ಬನೂ ಕಾಲೂರಿ ನಡೆಯುವ ಒಂದೊಂದು ಮಹಾಯಂತ್ರಕ್ಕೆ ಸಾರಥಿ. 100 ಟನ್ನು ತೂಗುವ ‘ಅಟ್ಲಾಸ್’ ಗಂಟೆಗೆ ಸುಮಾರು 50 ಕಿಲೋಮೀಟರಿನ ಗಜಗಮನದಲ್ಲಿ ಸಾಗಿದರೆ, ಮಿಡತೆಯ ಹೆಸರನ್ನು ಹೊತ್ತ, 20 ಟನ್ನಿನ ‘ಲೋಕಸ್ಟ್’ ದೊಡ್ಡ ಎಂಜಿನ್ನು ಹಾಕಿದಾಗ 150 ಕಿಲೋಮೀಟರನ್ನು ದಾಟಿ ಓಡುತ್ತದೆ. ನಮ್ಮ ಹುಡುಗನು ಆರಿಸಿಕೊಂಡದ್ದು ಈ ಮಿಡತೆಯನ್ನು.

ಮೊದಲ ದಿನ ನಾನು ಹಿಂದೆ ನಿಂತು ನೋಡುತ್ತಿದ್ದಂತೆಯೇ ಅವನು ತನ್ನವರೆಲ್ಲರನ್ನೂ ಹಿಂದಿಕ್ಕಿ, ಶತ್ರುಗಳ ನಟ್ಟನಡುವೆ ನುಗ್ಗಿ, ಎರಡು ನಿಮಿಷ ತುಂಬುವುದರೊಳಗೆ ಕಾಲು ಮುರಿದುಕೊಂಡು ಬಿದ್ದನು. ಉಳಿದ ಆಟವನ್ನೆಲ್ಲ ಸತ್ತವನ ಕಣ್ಣಿನಿಂದ ನೋಡಬೇಕಾಯಿತು. ಮರುದಿನ ಎಚ್ಚರದಿಂದ ಬದುಕಿಕೊಂಡನಾದರೂ, ಆಟ ಮುಗಿದು ಅಂಕಪಟ್ಟಿ ಬಂದೊಡನೆ ಹೆಡ್‌ಫೋನಿನಿಂದ ಗೆಳೆಯನ ದನಿ ನನಗೂ ಕೇಳುವಷ್ಟು ಜೋರಾಗಿ ಹೊರಟಿತು: “ಲೈಟ್ ತಗೊಂಡು ಏನೋ ಮಾಡ್ತಿದ್ದೆ? ಡ್ಯಾಮೇಜು ನೂರೂ ದಾಟಿಲ್ವಲ್ಲೋ!” ಹುಡುಗನ ಮುಖ ಸಣ್ಣದಾಯಿತು.

ಆ ಮಾತು ಅನ್ಯಾಯದ್ದೆಂದು ನನಗೆ ಅಂದಿನಿಂದಲೂ ಅನ್ನಿಸಿದೆ. ಹುಡುಗರು ‘ಲೈಟ್’ ಎನ್ನುವ ಹಗುರ ಯಂತ್ರವು ಒಮ್ಮೆ ಶತ್ರುವನ್ನು ಗುರಿಯಲ್ಲಿ ಹಿಡಿದಿತೆಂದರೆ ಆ ಶತ್ರುವಿನ ನೆಲೆ ತಂಡದವರ ಪರದೆಗಳ ಮೇಲೆಯೂ ಮೂಡುತ್ತದೆ. ಗುಡ್ಡದ ಆಚೆ, ಏನನ್ನೂ ಕಾಣದೆ ನಿಂತಿರುವ ಭಾರಿ ಯಂತ್ರವು ಆ ಗುರುತನ್ನೇ ನಂಬಿ ಕ್ಷಿಪಣಿಗಳನ್ನು ಎಸೆಯುತ್ತದೆ. ಕೆಡವಿದವನ ಹೆಸರಿಗೆ ಅಂಕಗಳು ಧಾರಾಳವಾಗಿ ಸೇರುತ್ತವೆ. ತೋರಿಸಿಕೊಟ್ಟವನ ಪಾಲಿಗೆ ಬರುವುದು ಅಲ್ಪ. ಇನ್ನು, ತೆಳುವಾದ ಬೆನ್ನಕವಚಕ್ಕೆ ಎರಡು ಏಟು ಕೊಟ್ಟು ಓಡಿಹೋಗುವ ಮಿಡತೆಯನ್ನು ಅಟ್ಟಲೆಂದು ಎರಡು ನೂರು ಟನ್ನಿನ ಬಲ ಹಿಂದಿರುಗಿತೆನ್ನಿ, ಆ ಹೊತ್ತಿನಲ್ಲಿ ಎದುರಿನ ಸಾಲು ಎಷ್ಟು ತೆಳುವಾಯಿತೆಂಬುದನ್ನು ಯಾವ ಅಂಕಪಟ್ಟಿ ಎಣಿಸೀತು?

ಮೈಸೂರು ಸೀಮೆಯವರಿಗೆ ಈ ವಿದ್ಯೆ ಹೊಸತಲ್ಲ. 1769ರಲ್ಲಿ ಹೈದರ್ ಅಲಿಯು ಆಂಗ್ಲರ ಮುಖ್ಯ ಸೈನ್ಯವನ್ನು ಮದರಾಸಿನಿಂದ ದೂರಕ್ಕೆ ಸೆಳೆದು, ತೋಪುಗಳನ್ನೂ ಭಾರದ ಸಾಮಗ್ರಿಗಳನ್ನೂ ಬಿಟ್ಟು, ಸುಮಾರು 6,000 ಕುದುರೆಗಳೊಡನೆ 130 ಮೈಲಿಗಳನ್ನು ಮೂರೂವರೆ ದಿನಗಳಲ್ಲಿ ಕ್ರಮಿಸಿ, ಆ ಪಟ್ಟಣದ ಬಾಗಿಲಿಗೇ ಹೋಗಿ ನಿಂತನು. ಕೋಟೆಯನ್ನು ಒಡೆಯುವ ಸಾಧನವೊಂದೂ ಅವನಲ್ಲಿರಲಿಲ್ಲ. ಆದರೂ ಏಪ್ರಿಲ್ ತಿಂಗಳಲ್ಲಿ ಈಸ್ಟ್ ಇಂಡಿಯಾ ಕಂಪೆನಿಯವರು ಸಂಧಿಪತ್ರಕ್ಕೆ ರುಜು ಹಾಕಿದರು. ಮೈಸೂರಿನ ದಂಡುಗಳ ಸಾಮಾನು ಸರಂಜಾಮನ್ನು ಎಳೆದ ಎತ್ತುಗಳಾದರೂ ಅಂಥವೇ. ಒಡೆಯರ ಕಾಲದ ಬೆಣ್ಣೆ ಚಾವಡಿಗೆ ಟಿಪ್ಪುವು ಅಮೃತಮಹಲ್ ಎಂದು ಹೆಸರಿಟ್ಟನಷ್ಟೆ, ಆ ಇಲಾಖೆಯ ಕೇಂದ್ರವು ಕಂಪೆನಿಯವರ ಕಾಲದಲ್ಲಿ ನಮ್ಮ ಹುಣಸೂರಿನಲ್ಲಿದ್ದಿತು. ತೂಕಕ್ಕಲ್ಲ, ನಡಿಗೆಗೆ ಹೆಸರಾದ ತಳಿಯದು.

ಆದರೆ ವೇಗವನ್ನೇ ಹೊಗಳಿ ಸುಮ್ಮನಾಗುವುದಕ್ಕೆ ನಮ್ಮ ನೆರೆಯ ಪಿರಿಯಾಪಟ್ಟಣದ ಸೀಮೆ ಅವಕಾಶ ಕೊಡುವುದಿಲ್ಲ. 1799ರ ಮಾರ್ಚಿಯಲ್ಲಿ ಜನರಲ್ ಸ್ಟುವರ್ಟನ ಮುಂಬಯಿ ಸೈನ್ಯವು ಕೊಡಗಿನ ಮಾರ್ಗವಾಗಿ ಬರುತ್ತಿರಲು, ಅದು ಶ್ರೀರಂಗಪಟ್ಟಣದ ಕಡೆಗೆ ಬರುತ್ತಿದ್ದ ಆಂಗ್ಲರ ಮುಖ್ಯ ಸೈನ್ಯವನ್ನು ಸೇರುವ ಮೊದಲೇ ಮುರಿಯಬೇಕೆಂಬ ಸಂಕಲ್ಪದಿಂದ ಟಿಪ್ಪುವು ಆಯ್ದ ದಳಗಳನ್ನು ಕಟ್ಟಿಕೊಂಡು ಅತಿಶೀಘ್ರವಾಗಿ ಪಶ್ಚಿಮಕ್ಕೆ ತಿರುಗಿದನು. ಯೋಚನೆ ಸರಿಯಾದದ್ದೇ. ಮುಂಬಯಿ ಸೈನ್ಯದ ಮುಂಚೂಣಿಯಾಗಿ ಕಾಡಿನ ನಡುವೆ ಸಿದ್ದೇಶ್ವರದಲ್ಲಿ ನಿಂತಿದ್ದುದು ಕರ್ನಲ್ ಮಾಂಟ್ರೆಸರನ ಒಂದೇ ಬ್ರಿಗೇಡು. ಮಿಕ್ಕವರು ಮೈಲಿಗಟ್ಟಲೆ ಹಿಂದೆ. ಆದರೆ ಅಲ್ಲಿಯ ಬೆಟ್ಟದ ನೆತ್ತಿಯ ಮೇಲೆ ಒಂದು ಸಣ್ಣ ಕಾವಲು ತುಕಡಿ ಇದ್ದಿತು. ಮಾರ್ಚಿ 5ರಂದು ಪಿರಿಯಾಪಟ್ಟಣದ ಕಡೆಯ ಬಯಲಿನಲ್ಲಿ ಡೇರೆಗಳು ಒಂದೊಂದಾಗಿ ಏಳುತ್ತಿದ್ದುದು ಆ ಜನರ ಕಣ್ಣಿಗೆ ಬಿತ್ತು. ನೋಡುತ್ತ ನೋಡುತ್ತ ಅವು ನೂರಾರಾದವು. ಅವುಗಳ ನಡುವೆ, ಟಿಪ್ಪುವೇ ಬಂದಿರುವನೆಂಬುದರ ಸೂಚನೆಯಂತೆ, ಒಂದು ಹಸುರು ಡೇರೆಯೂ ಕಾಣಿಸಿಕೊಂಡಿತು. ಸುದ್ದಿ ಕೆಳಗಿಳಿಯಿತು, ಬ್ರಿಗೇಡಿಗೆ ಇನ್ನೊಂದು ಪಟಾಲಮು ಬಂದು ಕೂಡಿಕೊಂಡಿತು. ಮರುದಿನ ಬೆಳಗ್ಗೆ ಟಿಪ್ಪುವಿನ ಸೈನಿಕರು ದಟ್ಟವಾದ ಕಾಡನ್ನು ಭೇದಿಸಿಕೊಂಡು ಬಂದು ಮುಂದಿನಿಂದಲೂ ಹಿಂದಿನಿಂದಲೂ ಏಕಕಾಲಕ್ಕೆ ಎರಗಿದರೂ, ಬ್ರಿಗೇಡು ಗಂಟೆಗಟ್ಟಲೆ ತಾಳಿಕೊಂಡಿತು. ಮಧ್ಯಾಹ್ನ ಸ್ಟುವರ್ಟನು ಸಹಾಯಕ್ಕೆ ಬಂದು ಮುಟ್ಟಿದನು. ಮೈಸೂರಿನವರು ಪಿರಿಯಾಪಟ್ಟಣಕ್ಕೆ ಹಿಂದಿರುಗಬೇಕಾಯಿತು.

ಈ ಕಥೆಯನ್ನು ನಾನು ಹುಡುಗನಿಗೆ ಊಟದ ಹೊತ್ತಿನಲ್ಲಿ ಹೇಳಿದೆನು. ಅವನು ಅನ್ನ ಕಲಸುತ್ತಿದ್ದ ಕೈಯನ್ನು ನಿಲ್ಲಿಸಿ, “ಹಾಗಾದರೆ ದೊಡ್ಡಪ್ಪ, ಅಲ್ಲಿ ಲೈಟ್ ಆಡಿದವರು ಬೆಟ್ಟದ ಮೇಲಿದ್ದವರೇ ಅಲ್ವಾ?” ಎಂದನು. ಅಹುದು. ಶೀಘ್ರಗಾಮಿಯ ನಿಜವಾದ ಕವಚ ಅದೃಶ್ಯತೆ. ಟಿಪ್ಪುವಿನ ದಂಡು ಅದನ್ನು ಹಿಂದಿನ ದಿನವೇ ಕಳೆದುಕೊಂಡಿದ್ದಿತು. ಅದನ್ನು ಕಳಚಿದವರು ಡೇರೆಗಳನ್ನೆಣಿಸಿ ಸುದ್ದಿಯನ್ನು ಕಳಿಸಿದ ಕೆಲವೇ ಜನ. ಈಗಿನ ಅಂಕಪಟ್ಟಿಯಲ್ಲಿ ಅವರ ಹೆಸರಿನ ಮುಂದೆ ಸೊನ್ನೆಯಲ್ಲದೆ ಬೇರೇನು ಬಿದ್ದೀತು?

ಆದುದರಿಂದ ಇಂಥ ಆಟಗಳನ್ನು ಕೂಡಿ ಆಡುವ ನಮ್ಮ ತರುಣರಲ್ಲಿ ನನ್ನ ಬಿನ್ನಹವಿಷ್ಟೆ: ಹಗುರ ಯಂತ್ರವನ್ನು ಹಿಡಿದವನನ್ನು ಎಷ್ಟು ಕೆಡವಿದೆಯೆಂದು ಕೇಳಬೇಡಿರಿ, ಎಷ್ಟು ಹೊತ್ತು ಬದುಕಿದ್ದೆ, ಏನನ್ನು ಕಂಡು ಹೇಳಿದೆ, ಯಾರನ್ನು ಸಾಲಿನಿಂದ ಆಚೆಗೆಳೆದೆ ಎಂದು ಕೇಳಿರಿ. ಅವನು ತೋರಿಸಿಕೊಟ್ಟ ಕಡೆಗೆ ತಿರುಗದೆ ನಿಂತು ಸೋತ ಮೇಲೆ ಅವನ ಅಂಕವನ್ನು ಹಳಿಯುವುದಂತೂ ಸಲ್ಲದು. ಅವನಾದರೂ ಮೊದಲ ನಿಮಿಷದಲ್ಲಿ ಒಂಟಿಯಾಗಿ ಕಾದಾಟಕ್ಕಿಳಿಯಬಾರದು. ಭಾರಿ ಯಂತ್ರಗಳು ಎದುರುಬದುರಾಗಿ ಒಂದರಲ್ಲೊಂದು ತೊಡಕಿಕೊಳ್ಳುವ ತನಕ ಮರೆಯಲ್ಲಿದ್ದು, ಅನಂತರ ಹಿಂದಿನಿಂದ ಬಂದು, ಹೊಡೆದು, ಹೊಡೆದ ಜಾಗದಲ್ಲಿ ನಿಲ್ಲದೆ ಸರಿದುಬಿಡಬೇಕು.

ನಿನ್ನೆ ಸಂಜೆ ಹುಡುಗನು ಒಂದು ದಿಬ್ಬದ ಹಿಂದೆ ಮಿಡತೆಯನ್ನು ನಿಲ್ಲಿಸಿ, ಅದರ ತಲೆಯಷ್ಟೇ ಮೇಲೆ ಕಾಣುವಂತೆ ಮಾಡಿ, ಒಂದು ಗುಂಡನ್ನೂ ಹಾರಿಸದೆ ಬಹಳ ಹೊತ್ತು ಕುಳಿತಿದ್ದನು. “ಎಡಗಡೆ ಮೂರು, ಇಬ್ಬರು ಅಟ್ಲಾಸು, ನಿಧಾನಕ್ಕೆ ಬರ್ತಿದಾರೆ,” ಎಂದು ತಗ್ಗಿದ ದನಿಯಲ್ಲಿ ಹೇಳಿದನು. ಅತ್ತಲಿಂದ ಯಾರೋ, “ಕಾಣ್ತು ಕಾಣ್ತು, ಬಿಡಬೇಡ, ಹಿಡ್ಕೊಂಡಿರು,” ಎಂದರು.