ಎಂಡ್ ಪಾಯಿಂಟ್

ಮಣಿಪಾಲದವರಿಗೆ ಎಂಡ್ ಪಾಯಿಂಟ್ ಎಂದರೆ ಸಂಜೆ ವಾಕಿಂಗ್ ಹೋಗುವ ಜಾಗ. ಗುಡ್ಡದ ಅಂಚಿನಲ್ಲಿ ನಿಂತರೆ ಕೆಳಗೆ ಸ್ವರ್ಣಾ ನದಿ ಕಾಣುತ್ತದೆ. ಪಿಯುಸಿ ಓದುವ ಮೊಮ್ಮಗಳು ಮೊನ್ನೆ ಸಪ್ಪೆ ಮುಖ ಮಾಡಿಕೊಂಡು, “ಅಜ್ಜ, ನಂಗೆ ಎಂಡ್ ಪಾಯಿಂಟ್ ಸಿಗ್ಲೇ ಇಲ್ಲ” ಎಂದಾಗ, “ರಿಕ್ಷಾದವರಿಗೆ ಹೇಳಿದ್ರೆ ಬಿಡ್ತಿದ್ರಲ್ಲ” ಎಂದೆ. ಅವಳು ನಗಲಿಲ್ಲ.

ಅದು ರಸಾಯನಶಾಸ್ತ್ರದ ಲ್ಯಾಬಿನ ಮಾತಂತೆ. ನಾನು ಬಿ.ಕಾಂ. ಹಾಗಾಗಿ ಅವಳೇ ಚಿತ್ರ ಬಿಡಿಸಿ ಪಾಠ ಮಾಡಿದಳು. ತಳ ಅಗಲ, ಕುತ್ತಿಗೆ ಸಪೂರದ ಗಾಜಿನ ಪಾತ್ರೆ, ಕೋನಿಕಲ್ ಫ್ಲಾಸ್ಕ್. ಜರ್ಮನಿಯ ಎಮಿಲ್ ಎರ್ಲೆನ್‌ಮೇಯರ್ ರೂಪಿಸಿದ್ದು. ಕುತ್ತಿಗೆ ಹಿಡಿದು ತಿರುಗಿಸಿದರೆ ಒಳಗಿನ ದ್ರವ ಗಿರ್ರನೆ ಸುತ್ತುತ್ತದೆ, ಹೊರಗೆ ಚೆಲ್ಲುವುದಿಲ್ಲ. ಮೈಮೇಲೆ ಅಳತೆಯ ಗೆರೆಗಳುಂಟು, ಆದರೆ ಅವು ಬರೀ ಅಂದಾಜು. ಸರಿಯಾದ ಅಳತೆಗೆ ಪಿಪೆಟ್, ಬ್ಯೂರೆಟ್ ಬೇಕು.

ಪಿಪೆಟ್ಟಿನಲ್ಲಿ 10 ಎಂಎಲ್ ಆಕ್ಸಾಲಿಕ್ ಆಮ್ಲ ಅಳೆದು ಫ್ಲಾಸ್ಕಿಗೆ ಬಿಡುವುದು, ಸ್ವಲ್ಪ ಸಲ್ಫ್ಯೂರಿಕ್ ಆಮ್ಲ ಸೇರಿಸಿ ಬಿಸಿ ಮಾಡುವುದು. ಮೇಲಿನ ಬ್ಯೂರೆಟ್ಟಿನಿಂದ ನೇರಳೆ ಬಣ್ಣದ ಪೊಟ್ಯಾಸಿಯಂ ಪರ್ಮಾಂಗನೇಟ್ ಹನಿ ಹನಿ ಬೀಳಬೇಕು. ಬಿದ್ದ ಬಣ್ಣ ಮಾಯವಾಗುತ್ತಾ ಹೋಗಿ, ಯಾವುದೋ ಒಂದು ಹನಿಗೆ ತಿಳಿ ಗುಲಾಬಿ ಉಳಿದುಬಿಡುತ್ತದೆ. ಅದೇ ಎಂಡ್ ಪಾಯಿಂಟ್.

ಪಕ್ಕದವಳಿಗೆ ಮೂರು ಸಲವೂ 9.8. ಇವಳಿಗೆ 10.3, 10.6, 10.4. “ನನ್ನದೇ ಬರ್ಕೋ” ಎಂದಳಂತೆ ಅವಳು.

“ಬರೆದೆಯಾ?”

“ಇಲ್ಲ. ಬರೀಲಿಕ್ಕೆ ಪೆನ್ ತೆಗ್ದಿದ್ದೆ.”

ನನಗೆ ಕೌಂಟರಿನ ಒಂದು ರಾತ್ರಿ ನೆನಪಾಯಿತು. ಕ್ಯಾಶ್ 50 ರೂಪಾಯಿ ಹೆಚ್ಚು. ಕಡಿಮೆಯಾದರೆ ಕೈಯಿಂದ ಕಟ್ಟಬೇಕು. ಹೆಚ್ಚಾದರೆ ಯಾರಿಗೆ ಗೊತ್ತಾಗುತ್ತದೆ? ಜೇಬಿಗೆ ಹಾಕಿ ಮನೆಗೆ ಹೋಗುವ ಯೋಚನೆ ಬಂದದ್ದು ಸುಳ್ಳಲ್ಲ. ಹೇಳಿದೆ, ಬೈಸಿಕೊಂಡೆ. ಮರುದಿನ ಮೀನು ಮಾರುವ ಹೆಂಗಸು ಪಾಸ್‌ಬುಕ್ ಹಿಡಿದು ಬಂದರು. ಅವರು ಕೊಟ್ಟದ್ದು 150, ಚಲನ್ನಿನಲ್ಲಿ ನಾನು ಬರೆದದ್ದು 100.

“ಹೆಚ್ಚು ಬಂದಿದೆ ಅಂದ್ರೆ ಲೆಕ್ಕಕ್ಕೆ ಸಿಗದ ಆಮ್ಲ ಎಲ್ಲೋ ಉಂಟು. ಮೊದಲಿಂದ ಹೇಳು” ಎಂದೆ. ಹೇಳುತ್ತಾ ಹೇಳುತ್ತಾ ಅವಳೇ ನಿಂತಳು. ಪಿಪೆಟ್ಟನ್ನು ಅದೇ ಆಮ್ಲದಲ್ಲಿ ತೊಳೆಯಬೇಕು, ಸರಿ. ಇವಳು ಫ್ಲಾಸ್ಕನ್ನೂ ಹಾಗೇ ತೊಳೆದಿದ್ದಳು! ಗೋಡೆಗೆ ಅಂಟಿದ್ದ ಆಮ್ಲವೂ 10 ಎಂಎಲ್ ಜೊತೆ ಸೇರಿತ್ತು. ಫ್ಲಾಸ್ಕಿಗೆ ಬರೀ ಡಿಸ್ಟಿಲ್ಡ್ ವಾಟರ್ ಸಾಕಂತೆ; ಒಂದಿಷ್ಟು ನೀರು ಉಳಿದರೂ ಅಳೆದು ಹಾಕಿದ ಆಮ್ಲ ಅಷ್ಟೇ ಇರುತ್ತದೆ.

ಶನಿವಾರ ಮತ್ತೆ ಮಾಡಿದಳು. 9.8, 9.8, 9.8. ಸಂಜೆ ಇಬ್ಬರೂ ನಮ್ಮ ಎಂಡ್ ಪಾಯಿಂಟಿಗೆ ನಡೆದೇ ಹೋದೆವು.